ಅರಿಶಿನದ ಕೊಂಬು ಕಟ್ಟಿದವರು ಯಾರು?

ಕೋವಿಡ್ ಗಲಾಟೆ ತಣ್ಣಗಾಗಿ, ಜನ ಮುಂದೂಡಿಟ್ಟಿದ್ದ ಆಪರೇಷನ್ನುಗಳನ್ನೆಲ್ಲ ಒಟ್ಟಿಗೇ ಮಾಡಿಸಿಕೊಳ್ಳಲು ಹೊರಟಿದ್ದ ವರ್ಷ ಅದು. ನಾನು ಹಾಸನದಲ್ಲಿ ಮನೆ ಮಾಡಿಕೊಂಡು ತಾಲ್ಲೂಕು ಊರುಗಳನ್ನು ಸುತ್ತುವ ಅರಿವಳಿಕೆ ಡಾಕ್ಟರಾಗಿದ್ದೆ. ಈಗಲೂ ಅದೇ. ಒಂದು ದಿನ ಚನ್ನರಾಯಪಟ್ಟಣ, ಮರುದಿನ ಹೊಳೆನರಸೀಪುರ, ಮಧ್ಯೆ ಯಾರಿಗಾದರೂ ಅವಸರದ ಸಿಸೇರಿಯನ್ ಬಂದರೆ ಅರಕಲಗೂಡಿನ ಕಡೆ ಗಾಡಿ ತಿರುಗಿಸುವುದು. ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಅರಿವಳಿಕೆಗೆಂದೇ ಒಬ್ಬರನ್ನು ಇಟ್ಟುಕೊಳ್ಳುವಷ್ಟು ಕೆಲಸ ಇರುವುದಿಲ್ಲ. ಅದಕ್ಕೇ ನಮ್ಮಂಥವರು ಕಾರಿನ ಡಿಕ್ಕಿಯಲ್ಲಿ ಔಷಧದ ಬ್ಯಾಗ್ ಇಟ್ಟುಕೊಂಡು ಓಡಾಡುತ್ತೇವೆ. ಜನ ನಮ್ಮನ್ನು ‘ಮತ್ತು ಕೊಡೋ ಡಾಕ್ಟ್ರು’ ಅನ್ನುತ್ತಾರೆ. ಆಪರೇಷನ್ ಆದಮೇಲೆ ಹಣ್ಣು ಹೂವು ಎಲ್ಲ ಸರ್ಜನ್ನಿಗೆ ಹೋಗುತ್ತದೆ, ನಮ್ಮ ಮುಖ ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ನಾನು ಬೇಜಾರು ಮಾಡಿಕೊಂಡವಳಲ್ಲ. ನೆನಪಿರದಂತೆ ಮಾಡುವುದೂ ನಮ್ಮ ಕೆಲಸವೇ ತಾನೇ?

ಮಿಡಜೋಲಂ ಅಂತ ಒಂದು ಇಂಜೆಕ್ಷನ್ ಇದೆ. ಹೆದರಿಕೊಂಡವರಿಗೆ ಆಪರೇಷನ್‌ಗೆ ಮುಂಚೆ ಸ್ವಲ್ಪ ಕೊಡುತ್ತೇವೆ. ಇದು ಪೂರ್ತಿ ನಿದ್ದೆ ಮಾಡಿಸುವುದಿಲ್ಲ. ಕೊಟ್ಟಮೇಲೂ ಮನುಷ್ಯ ಕಣ್ಣು ಬಿಟ್ಟಿರಬಹುದು, ಹೆಸರು ಕೇಳಿದರೆ ಹೇಳಬಹುದು, ಪಕ್ಕಕ್ಕೆ ತಿರುಗಿ ಅಂದರೆ ತಿರುಗಬಹುದು. ನೋಡುವವರಿಗೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ನಡೆದದ್ದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮಿದುಳಿನ ಆಳದಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಇದೆ. ಈಗ ತಾನೇ ಕಂಡದ್ದು ಕೇಳಿದ್ದನ್ನು, ಎಲ್ಲಿ, ಯಾವಾಗ, ಯಾರ ಜೊತೆ ಅನ್ನುವುದರೊಂದಿಗೆ ಸೇರಿಸಿ ಹೊಲಿದು ಇಡುವುದು ಅದರ ಕೆಲಸ. ಇಂಥ ಔಷಧ ಕೊಟ್ಟು ಸ್ಕ್ಯಾನ್ ಮಾಡಿ ನೋಡಿದರೆ ಅಲ್ಲಿನ ಚಟುವಟಿಕೆ ತಗ್ಗಿರುವುದು ಕಾಣುತ್ತದೆ. ಹೊಲಿಗೆ ನಿಂತುಹೋಗುತ್ತದೆ, ಬಟ್ಟೆಯ ತುಂಡುಗಳು ಮಾತ್ರ ಅಲ್ಲಲ್ಲಿ ಉಳಿದಿರುತ್ತವೆ. ಸೂಜಿ ಚುಚ್ಚುವ ಮುಂಚಿನ ನೆನಪುಗಳಿಗೆ ಏನೂ ಆಗುವುದಿಲ್ಲ. ಇಷ್ಟು ತಿಳಿದುಕೊಂಡರೆ ಮುಂದಿನದು ನಿಮಗೆ ಅರ್ಥವಾಗುತ್ತದೆ. ನನಗೆ ಎಷ್ಟು ಅರ್ಥವಾಯಿತು ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹೊಳೆನರಸೀಪುರದ ಒಂದು ನರ್ಸಿಂಗ್ ಹೋಮ್. ಪೇಷಂಟ್ ಹೆಸರು ಸವಿತಾ ಅಂತಿಟ್ಟುಕೊಳ್ಳಿ. ತವರು ರುದ್ರಪಟ್ಟಣದ ಪಕ್ಕ, ಗಂಡನ ಮನೆ ಕೊಣನೂರಿನ ಹತ್ತಿರ. ಗರ್ಭಕೋಶದಲ್ಲಿ ಗೆಡ್ಡೆ, ತೆಗೆಯಬೇಕಿತ್ತು. ಗಂಡ ಒಂದು ಬಾಟಲ್ ರಕ್ತ ತರಲು ಬೆಳಿಗ್ಗೆಯೇ ಹಾಸನಕ್ಕೆ ಹೋಗಿದ್ದ. ಜೊತೆಯಲ್ಲಿದ್ದವರು ಇಬ್ಬರು ಹೆಂಗಸರು: ಅತ್ತೆ ಜಯಮ್ಮ, ತಾಯಿ ಕೆಂಪಮ್ಮ. ಇಬ್ಬರೂ ಗಂಡ ಕಳೆದುಕೊಂಡವರು. ಆದರೆ ಜಯಮ್ಮ ವಾರ್ಡಿನ ಒಳಗೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ, ಕೆಂಪಮ್ಮ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ.

ಆಪರೇಷನ್‌ಗೆ ಮುಂಚೆ ಮೈಮೇಲಿನ ಲೋಹ ಎಲ್ಲ ತೆಗೆಸಬೇಕು. ಬಳೆ, ಓಲೆ, ಕಾಲುಂಗುರದ ತನಕ ತಕರಾರಿಲ್ಲ. ತಾಳಿ ಬಂದಾಗ ಮಾತ್ರ ಎಲ್ಲರೂ ಒಂದು ಸಲ ನಿಲ್ಲುತ್ತಾರೆ. ಕತ್ತು ಬರಿದಾಗಬಾರದು ಅಂತ ನಮ್ಮ ಕಡೆ ಒಂದು ದಾರಿ ಮಾಡಿಕೊಂಡಿದ್ದಾರೆ. ಅರಿಶಿನ ಹಚ್ಚಿದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ, ಅದನ್ನು ಕತ್ತಿಗೆ ಹಾಕಿ, ಆಮೇಲೆ ತಾಳಿ ಬಿಚ್ಚುವುದು. ಹಾಕುವವಳು ಮುತ್ತೈದೆಯೇ ಆಗಿರಬೇಕು. ಜಯಮ್ಮ ಕೊಂಬು ದಾರ ಎರಡನ್ನೂ ಮನೆಯಿಂದಲೇ ತಂದು ದಿಂಬಿನ ಪಕ್ಕ ಇಟ್ಟಿದ್ದರು. ವಾರ್ಡಿನ ನರ್ಸ್ ಶೋಭಾಗೆ ಹೇಳಿದ್ದೂ ಅವರೇ.

“ಮುತ್ತೈದೆ ಅಲ್ವೇನವ್ವ ನೀನು? ನೀನೇ ಕಟ್ಬುಡು. ನಮ್ ಕೈಯಿ ಅದ್ಕೆ ಸಲ್ಲಕಿಲ್ಲ.”

ಶೋಭಾ ಆಗಲಿ ಅಂದಳು. ಆದರೆ ಸವಿತಾ ಒಪ್ಪಬೇಕಲ್ಲ? “ಒಳೀಕ್ ಕರ್ಕೊಂಡೋಗೋ ಗಳಿಗೇಲಿ ಬಿಚ್ತೀನಿ, ಈಗ್ಲೇ ಬ್ಯಾಡ” ಅಂತ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಮೈಯೆಲ್ಲ ನಡುಗುತ್ತಿತ್ತು, ಬಿಪಿ ಏರುತ್ತಿತ್ತು. ನಾನು ಪಕ್ಕದಲ್ಲಿ ಕೂತು ನನ್ನ ಹೆಸರು ಹೇಳಿ, ಬೆನ್ನಿಗೆ ಇಂಜೆಕ್ಷನ್ ಕೊಡುತ್ತೇನೆ, ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತದೆ ಅಂತೆಲ್ಲ ವಿವರಿಸಿ, ಡ್ರಿಪ್ಪಿನಲ್ಲೇ ಮಿಡಜೋಲಂ ಕೊಟ್ಟೆ. ಅವಳ ಭುಜ ಸಡಿಲವಾಗುವುದನ್ನು ನೋಡಿ ಥಿಯೇಟರಿನೊಳಗೆ ನನ್ನ ಸಾಮಾನು ಜೋಡಿಸಲು ಹೋದೆ. ಶೋಭಾಗೆ ಪಕ್ಕದ ಕೋಣೆಯಿಂದ ಕರೆ ಬಂತು. ಜಯಮ್ಮ ಕಾಫಿಗೆ ಇಳಿದರು.

ಸ್ವಲ್ಪ ಹೊತ್ತಿಗೆ ಅಟೆಂಡರ್ ರಂಗಸ್ವಾಮಿ ಸ್ಟ್ರೆಚರ್ ತಳ್ಳಿಕೊಂಡು ಅವಳನ್ನು ಕರೆತಂದ. ಕತ್ತಿನಲ್ಲಿ ಅರಿಶಿನದ ಕೊಂಬು ಇತ್ತು, ತಾಳಿ ಇರಲಿಲ್ಲ. ಎಲ್ಲ ಕ್ರಮವಾಗಿದೆ ಅಂದುಕೊಂಡು ನಾವು ಕೆಲಸ ಶುರುಮಾಡಿದೆವು.

ಆಪರೇಷನ್ ಚೆನ್ನಾಗಿಯೇ ಆಯಿತು. ನಡುಗುತ್ತಿದ್ದ ಹೆಂಗಸು ಟೇಬಲ್ಲಿನ ಮೇಲೆ ನಮ್ಮನ್ನೆಲ್ಲ ನಗಿಸಿಬಿಟ್ಟಳು. ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಹೋಗುತ್ತಿದ್ದದ್ದು, ಒಬ್ಬ ಮುದುಕರು ತಾಳ ಹಾಕುತ್ತಾ ಹಾಕುತ್ತಾ ನಿದ್ದೆಹೋಗಿ, ನಿದ್ದೆಯಲ್ಲೂ ತಾಳ ಬಿಡದೇ ಇದ್ದದ್ದು. ಅವರ ಹಾಗೆಯೇ ತನ್ನ ಬೆರಳನ್ನು ಕೈ ಚಾಚಿಟ್ಟಿದ್ದ ಹಲಗೆಯ ಮೇಲೆ ತಟ್ಟಿ ತೋರಿಸಿದಳು. ಸರ್ಜನ್ ಕತ್ತರಿ ಹಿಡಿದುಕೊಂಡೇ ನಕ್ಕರು.

ಮಧ್ಯಾಹ್ನ ನಾನು ಅರಕಲಗೂಡಿಗೆ ಹೊರಡಲು ಬ್ಯಾಗ್ ಮುಚ್ಚುತ್ತಿದ್ದೆ. ವಾರ್ಡಿನಿಂದ ಕೂಗು ಕೇಳಿಸಿತು. ಸವಿತಾಗೆ ಪೂರ್ತಿ ಎಚ್ಚರವಾಗಿತ್ತು. ಕತ್ತು ಮುಟ್ಟಿಕೊಂಡು, “ಅತ್ತೆ, ತಾಳಿ ಕೊಡಿ” ಅಂದಿದ್ದಾಳೆ.

“ನನ್ನತ್ರ ಎಲ್ಲೈತೆ? ನರ್ಸಮ್ಮ ಇಟ್ಕೊಂಡಿಲ್ವಾ?”

“ನಾನ್ ಬಿಚ್ಚೇ ಇಲ್ಲಮ್ಮ. ನಾನ್ ಬರೋ ಹೊತ್ಗೆ ಕೊಂಬು ಕಟ್ಟಾಗಿತ್ತು. ನೀವೇ ಯಾರ ಕೈಲೋ ಕಟ್ಸಿದ್ದೀರ ಅಂದ್ಕೊಂಡೆ” ಅಂದಳು ಶೋಭಾ.

ಹಾಸಿಗೆ, ದಿಂಬು, ಸ್ಟ್ರೆಚರ್, ಬದಲಿಸಿದ್ದ ಬಟ್ಟೆ ಎಲ್ಲ ಕೊಡವಿದರು. ಇಲ್ಲ. ಅಷ್ಟರಲ್ಲಿ ರಂಗಸ್ವಾಮಿ ಡ್ರಿಪ್ ಸ್ಟ್ಯಾಂಡ್ ಸರಿಮಾಡಲು ಒಳಗೆ ಬಂದ. ಸವಿತಾ ಅವನನ್ನು ನೋಡಿದ್ದೇ ತಡ, ಬೆರಳು ತೋರಿಸಿ ಕೂಗಿದಳು.

“ಇವ್ನೇ! ಇವ್ನ್ ಮುಖ ನಂಗ್ ಗೊತ್ತು. ನನ್ ಕತ್ತಿನ್ ಮ್ಯಾಲೇ ಬಗ್ಗಿದ್ದ.”

ರಂಗಸ್ವಾಮಿ ಹಳೇಕೋಟೆಯವನು. ಆ ನರ್ಸಿಂಗ್ ಹೋಮ್ ಶುರುವಾದಾಗಿನಿಂದಲೂ ಅಲ್ಲೇ ಇದ್ದ. ಜಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ಶರ್ಟಿನ ಜೇಬಿನಿಂದ ಇಣುಕುತ್ತಿದ್ದ ಮೊಬೈಲಿನ ಹಿಂದೆ ಬುದ್ಧನ ಚಿತ್ರ ಅಂಟಿಸಿತ್ತು. ಅವರ ಕಣ್ಣು ಅಲ್ಲಿ ನಿಂತಿತು.

“ಯಾವೂರ್ಲಾ ನಿಂದು? ಊರೊಳಗ್ಲೋನೋ, ಆಚೆಯೋನೋ?”

“ಹಳೇಕೋಟೆ ಕಣಮ್ಮ. ಊರೊಳಗ್ಲೋನಾದ್ರೆ ತಾಳಿ ಕದಿಯಾಕಿಲ್ವಾ?”

ಮಾತು ಬಿಗಡಾಯಿಸಿತು. ಆಸ್ಪತ್ರೆಯ ಯಜಮಾನರು, ಅವರೇ ಸರ್ಜನ್, ಕೆಳಗೆ ಹೊರರೋಗಿಗಳನ್ನು ಬಿಟ್ಟು ಓಡಿಬಂದರು. ಸವಿತಾಳ ಗಂಡ ಫೋನಿನಲ್ಲಿ ಕೂಗಾಡುತ್ತಿದ್ದ: ತಾನು ಬರುವ ಹೊತ್ತಿಗೆ ತಾಳಿ ಸಿಗದಿದ್ದರೆ ನೇರ ಸ್ಟೇಷನ್ನಿಗೆ ಹೋಗುತ್ತೇನೆ ಅಂತ. ಯಜಮಾನರು ಮುಖ ಸಪ್ಪಗೆ ಮಾಡಿಕೊಂಡು, “ರಂಗ, ಇದು ಬಗೆಹರಿಯೋ ತನಕ ನೀನು ಕೆಲಸಕ್ಕೆ ಬರಬೇಡಪ್ಪ” ಅಂದರು.

ಕಾರಿಡಾರಿನಲ್ಲಿ ರಂಗಸ್ವಾಮಿ ನನ್ನ ಹತ್ತಿರ ಬಂದ. ಪ್ಯಾಂಟಿನ ಜೇಬುಗಳನ್ನು ತಾನೇ ಹೊರಕ್ಕೆ ಎಳೆದು ಬಿಟ್ಟಿದ್ದ. ಅವು ನಾಯಿಯ ಕಿವಿಗಳಂತೆ ಜೋತುಬಿದ್ದಿದ್ದವು.

“ಸ್ಟೇಷನ್‌ಗೆ ಓಗಾಕೆ ಎದ್ರಿಕೆ ಇಲ್ಲ ಮೇಡಂ. ಕಳ್ಳ ಅಲ್ಲ ಅಂತ ಅವ್ರು ಬಿಟ್ ಕಳುಸ್ತಾರೆ. ಊರ್ನೋರು ಬುಡ್ತಾರಾ? ನನ್ ಮಗ್ಳುಗೆ ಗಂಡು ನೋಡ್ತಾ ಇವ್ನಿ.”

ಅರಕಲಗೂಡಿನ ಕೇಸು ಅವಸರದ್ದಾಗಿರಲಿಲ್ಲ. ಫೋನ್ ಮಾಡಿ ಸಂಜೆಗೆ ಹಾಕಿ ಅಂದೆ. ನನಗೆ ಒಂದು ಅನುಮಾನ ಬಂದಿತ್ತು, ಆದರೆ ಅದನ್ನು ಹೆದರಿದ ಜನರ ಮುಂದೆ ಹೇಗೆ ಬಿಡಿಸಿ ಹೇಳುವುದು?

ವಾರ್ಡಿಗೆ ಹೋಗಿ ಸವಿತಾಳ ಪಕ್ಕ ಕೂತೆ. “ನಾನು ಯಾರು ಗೊತ್ತಾ?”

“ಗೊತ್ತು. ಮತ್ತು ಕೊಡೋರು. ಬೆನ್ನಿಗ್ ಸೂಜಿ ಚುಚ್ತೀನಿ ಅಂದ್ರಿ.”

“ಚುಚ್ಚಿದಾಗ ನೋವಾಯ್ತಾ?”

ಅವಳು ತಡವರಿಸಿದಳು. “ಚುಚ್ಚುದ್ರಾ?”

“ಟೇಬಲ್ ಮೇಲೆ ಏನು ಮಾತಾಡಿದೆ? ನಿದ್ದೆಯಲ್ಲಿ ತಾಳ ಹಾಕ್ತಿದ್ದ ಮುದುಕರ ಕಥೆ?”

“ಅದು ನಿಮ್ಗ್ಯಾರ್ ಯೋಳಿದ್ರು?” ಅವಳು ಗಾಬರಿಯಾದಳು. “ಅದನ್ನ ನಾನು ನಮ್ ಮನೆಯೋರ್ಗೂ ಯೋಳಿಲ್ಲ.”

ಥಿಯೇಟರ್ ನರ್ಸ್ ಮಮತಾಳನ್ನು ಕರೆಸಿದೆ. ಅವಳು ಸವಿತಾಳನ್ನು ಕಂಡದ್ದು ಮಿಡಜೋಲಂ ಕೊಟ್ಟಮೇಲೆಯೇ. ಮಾಸ್ಕ್ ಹಾಕುವ ಮುಂಚೆ ಥಿಯೇಟರಿನ ಬಾಗಿಲಲ್ಲಿ ಕೈ ಹಿಡಿದು ಒಂದಷ್ಟು ಹೊತ್ತು ಮಾತಾಡಿಸಿದ್ದಳು. “ಇವಳನ್ನು ನೋಡಿದ್ದೀಯಾ?” ಅಂತ ಕೇಳಿದೆ.

ಸವಿತಾ ದಿಟ್ಟಿಸಿದಳು. ಮುಖ ಅರಳಿತು. “ನೋಡಿವ್ನಿ. ಚೆನ್ನಾಗ್ ಗೊತ್ತು. ಕೊಣನೂರ್ ಸಂತೇಲಿ ಬಳೆ ಮಾರ್ತೀರಲ್ವಾ ನೀವು?”

“ಅಯ್ಯೋ, ನಾನು ಚನ್ನರಾಯಪಟ್ಟಣದೋಳು ಕಣಕ್ಕ! ಕೊಣನೂರು ಯಾವ್ ದಿಕ್ಕಿಗೈತೆ ಅಂತ್ಲೂ ಗೊತ್ತಿಲ್ಲ” ಅಂದಳು ಮಮತಾ. ಮಧ್ಯಾಹ್ನವಷ್ಟೇ ಬೇರೆ ಕೋಣೆಯಿಂದ ಪಕ್ಕದ ಹಾಸಿಗೆಗೆ ಬಂದಿದ್ದ ಹೆಂಗಸು ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕಳು.

ಸವಿತಾ ನಗಲಿಲ್ಲ. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. “ಮತ್ತೆ ನಂಗ್ ಯಾಕ್ ಅಂಗನ್ಸ್ತು ಡಾಕ್ಟ್ರೇ? ದೇವ್ರಾಣೆ ಸುಳ್ಳೇಳ್ತಾ ಇಲ್ಲ.”

ಸುಳ್ಳಲ್ಲವೇ ಅಲ್ಲ. ಗುರುತು ಹಿಡಿಯುವುದರಲ್ಲಿ ಎರಡು ಬಗೆ ಇದೆ. ಒಂದು, ಇವರನ್ನು ಇಂಥ ಕಡೆ, ಇಂಥ ಕೆಲಸ ಮಾಡುವಾಗ ಕಂಡೆ ಅನ್ನುವ ನೆನಪು. ಇನ್ನೊಂದು, ಎಲ್ಲಿ ಏನು ಗೊತ್ತಿಲ್ಲ, ಮುಖ ಮಾತ್ರ ಪರಿಚಯದ್ದು ಅನ್ನುವ ಭಾವ. ಮಿಡಜೋಲಂ ಮೊದಲನೆಯದಕ್ಕೆ ಕೊಡುವಷ್ಟು ಪೆಟ್ಟನ್ನು ಎರಡನೆಯದಕ್ಕೆ ಕೊಡುವುದಿಲ್ಲ. ಹೀಗಾಗಿ ಮುಖ ಉಳಿದು ಕಥೆ ಹೋಗಿಬಿಡುತ್ತದೆ. ಬರಿದಾದ ಜಾಗವನ್ನು ಮನಸ್ಸು ಸುಮ್ಮನೆ ಬಿಡುವುದಿಲ್ಲ, ಕೈಗೆ ಸಿಕ್ಕಿದ ಕಥೆಯನ್ನು ತುಂಬುತ್ತದೆ. ಮಮತಾಳಿಗೆ ಬಳೆ ಅಂಗಡಿ ಸಿಕ್ಕಿತು. ತಾಳಿ ಕಾಣದೆ ಹೆದರಿದ ಗಳಿಗೆಯಲ್ಲಿ ಎದುರು ಬಂದ ರಂಗಸ್ವಾಮಿಗೆ ಕಳ್ಳತನ ಸಿಕ್ಕಿತು. ಅವನು ಬಗ್ಗಿದ್ದು ನಿಜವೇ. ಬೆಡ್‌ಶೀಟ್ ಹಿಡಿದು ಅವಳನ್ನು ಸ್ಟ್ರೆಚರಿಗೆ ಎತ್ತಿ ಹಾಕಲು ಬಗ್ಗದೆ ಆಗುತ್ತದೆಯೇ?

ಇದನ್ನೆಲ್ಲ ನನಗೆ ತಿಳಿದ ಸರಳ ಮಾತಿನಲ್ಲಿ ಜಯಮ್ಮನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಸರಿ ಕಣವ್ವ, ನಮ್ ಸೊಸೆಗೆ ಗ್ಯಾನ ಇಲ್ಲ, ಒಪ್ದೆ. ಅಂಗಾದ್ರೆ ತಾಳಿ ಎಲ್ಲೋಯ್ತು? ಅದ್ಕೇನ್ ಕಾಲ್ ಬಂದ್ವಾ?”

ಸವಿತಾಳ ಕತ್ತಿನ ಅರಿಶಿನದ ದಾರವನ್ನೇ ನೋಡುತ್ತಾ ಕೂತೆ. ಆಗ ಹೊಳೆಯಿತು, ನಾವೆಲ್ಲ ತಪ್ಪು ಪ್ರಶ್ನೆಯ ಹಿಂದೆ ಬಿದ್ದಿದ್ದೇವೆ ಅಂತ. ತಾಳಿ ತೆಗೆದವರು ಯಾರು ಅಂತಲೇ ಕೇಳುತ್ತಿದ್ದೆವು. ಕೊಂಬು ಕಟ್ಟಿದವರು ಯಾರು? ಶೋಭಾ ಕಟ್ಟಿಲ್ಲ, ಜಯಮ್ಮ ಕಟ್ಟಿಲ್ಲ. ಕದಿಯುವವನು ಕಿತ್ತುಕೊಂಡು ಹೋಗುತ್ತಾನೆ. ಕತ್ತು ಬರಿದಾಗಬಾರದು ಅಂತ ನಿಧಾನಕ್ಕೆ ಗಂಟು ಹಾಕಿ ಹೋಗುವ ಕಳ್ಳ ಎಲ್ಲಿದ್ದಾನೆ?

ಕಾರಿಡಾರಿಗೆ ಬಂದೆ. ಇಷ್ಟು ಗಲಾಟೆಯಾದರೂ ಕೆಂಪಮ್ಮ ಬೆಂಚು ಬಿಟ್ಟು ಎದ್ದಿರಲಿಲ್ಲ. ಎಡಗೈಯಲ್ಲಿ ಸೆರಗಿನ ತುದಿಯನ್ನು ಹಿಡಿದಿದ್ದರು. ಪಕ್ಕದಲ್ಲಿ ಕೂತು ಮೆಲ್ಲಗೆ, “ನೀವೇ ಕಟ್ಟಿದ್ದಲ್ವಾ?” ಅಂದೆ.

ಅವರು ತಲೆಯೆತ್ತಲಿಲ್ಲ. “ಅವ್ಳೇ ಕರುದ್ಲು ಕಣವ್ವ. ‘ಅವ್ವಾ ಬಾ’ ಅಂದ್ಲು. ಓದೆ. ಕೊಂಬು ನನ್ ಕೈಗಿಟ್ಟು, ‘ನೀನೇ ಕಟ್ಟು’ ಅಂದ್ಲು. ಬ್ಯಾಡ ಕಣ್ ಮಗ, ನಾನ್ ಮುಂಡೆ ಅಂದೆ. ನಕ್ಕಂಡು, ‘ನನ್ ಹೆತ್ತೋಳ್ ನೀನು, ನಿನ್ ಕೈಗಿಂತ ಯಾವ್ ಕೈ’ ಅಂದ್ಲು. ಮದ್ವೇಲಿ ಧಾರೆ ಒತ್ತಲ್ಲಿ ನಾನು ಅಡ್ಗೆ ಮನೇಲಿದ್ದೆ. ಏನಾಯ್ತೋ, ಕಟ್ಬುಟ್ಟೆ. ಆಮೇಲೆ ತಾಳಿ ಬಿಚ್ಚಿ ನನ್ ಕೈಗ್ ಕೊಟ್ಲು.”

“ಗಲಾಟೆ ಶುರುವಾದಾಗಲೇ ಹೇಳಬಹುದಿತ್ತಲ್ಲಮ್ಮ.”

“ಯೆಂಗ್ ಯೋಳ್ಳಿ? ಒಳಗ್ ಕುಯ್ತಾ ಇರುವಾಗ ಮುಂಡೆ ಕಟ್ಟಿದ್ ಕೊಂಬು ಕತ್ತಲ್ಲಿತ್ತು ಅಂದ್ರೆ, ನಾಳೆ ಅವ್ಳ್ ಗಂಡುಂಗೆ ನೆಗ್ಡಿ ಬಂದ್ರೂ ನನ್ ಕೈನೇ ತೋರುಸ್ತಾರೆ. ಮಗೀಗ್ ಎಚ್ರ ಆದ್ಮೇಲೆ ಗುಟ್ಟಾಗ್ ಕೊಡವ ಅಂತಿದ್ದೆ. ಅವ್ಳಿಗ್ ಗ್ಯಾಪ್ಕ ಇರ್ತದೆ, ಅವ್ಳೇ ಬಾಯ್ ಬುಡ್ತಾಳೆ ಅಂತ ಕಾದೆ. ಯಾಕವ್ವ ಬುಡ್ತಾ ಇಲ್ಲ ಅವ್ಳು?”

ನಾನು ಕೊಟ್ಟ ಔಷಧದಿಂದ ಅದು ಅವಳಲ್ಲಿ ಉಳಿದೇ ಇಲ್ಲ ಅಂದೆ. ಕೆಂಪಮ್ಮ ಬೇಡಿಕೊಂಡರು: ತಾಳಿಯನ್ನು ಮಂಚದ ಕೆಳಗೆಲ್ಲೋ ಹಾಕಿ, ಸಿಕ್ಕಿತು ಅಂದುಬಿಡು ಅಂತ. ನನಗೂ ಒಂದು ಗಳಿಗೆ ಅದು ಒಳ್ಳೆಯ ದಾರಿ ಅನ್ನಿಸಿತು. ಎದುರು ಗೋಡೆಗೆ ಒರಗಿದ್ದ ರಂಗಸ್ವಾಮಿಗೆ ನಮ್ಮ ಮಾತು ಕೇಳಿಸಿತ್ತೇನೋ.

“ಅಂಗ್ ಮಾತ್ರ ಮಾಡ್ಬ್ಯಾಡಿ ಮೇಡಂ. ಕದ್ದೋನೇ ಎದ್ರಿ ತಂದ್ ಮಡಗ್ದ ಅಂತಾರೆ” ಅಂದ.

ಕೆಂಪಮ್ಮ ಅವನನ್ನು ನೋಡಿದರು. ಹೊರಕ್ಕೆ ಜೋತಿದ್ದ ಜೇಬುಗಳನ್ನು ನೋಡಿದರು. ಎದ್ದು, ನನ್ನನ್ನೂ ಕಾಯದೆ ವಾರ್ಡಿನೊಳಗೆ ಹೋದರು. ಸೆರಗಿನ ಗಂಟು ಬಿಚ್ಚಿ, ತಾಳಿಯನ್ನು ಮಗಳ ಕೈಗೆ ಕೊಡದೆ ಹಾಸಿಗೆಯ ಮೇಲಿಟ್ಟರು. “ನಾನೇ ಇಟ್ಕಂಡಿದ್ದೆ. ಕೊಂಬು ಕಟ್ಟಿದ್ದೂ ನಾನೇ. ಆ ವಯ್ಯಂದ್ ಏನೂ ಇಲ್ಲ.” ಮಗಳ ಕಡೆ ತಿರುಗಿ, “ನೀನೇ ಕಟ್ಟು ಅಂದ್ಯಲ್ಲ ಮಗ” ಅಂದರು.

ಸವಿತಾ ಅತ್ತೆಯ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. “ನಾನಾ? ನಾನ್ ಅಂಗಂದಿಲ್ಲ ಕಣವ್ವ.”

ಕೆಂಪಮ್ಮ ಖಾಲಿಯಾದ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಜಯಮ್ಮ ಸಿಡಿದೇಳುತ್ತಾರೆ ಅಂತ ನಾವೆಲ್ಲ ಕಾದೆವು. ಅವರ ದನಿ ಮಾತ್ರ ಇಳಿದುಹೋಗಿತ್ತು. “ನಮ್ ಯಜಮಾನ್ರು ಓದಾಗ್ಲಿಂದ ನಾನು ಒಂದ್ ಅರಿಶಿನದ್ ಬಟ್ಲು ಮುಟ್ಟಿಲ್ಲ. ಮಗನ್ ಮದ್ವೇಲೂ ಮುಟ್ಲಿಲ್ಲ. ನೀನ್ ಯೆಂಗ್ ಮುಟ್ಟುಬುಟ್ಟೆ?” ಬೈಯುತ್ತಿದ್ದಾರೋ, ಕೇಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಮಗನಿಗೆ ಫೋನ್ ಮಾಡಿ, “ಸಿಕ್ತು, ಮನೇವ್ರತ್ರನೇ ಇತ್ತು, ಸ್ಟೇಷನ್ನೂ ಬ್ಯಾಡ, ಗಿಸ್ಟೇಷನ್ನೂ ಬ್ಯಾಡ” ಅಂದರು. ರಂಗಸ್ವಾಮಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಅವನು ಬಾಗಿಲಲ್ಲಿ ನಿಂತು, “ಡ್ರಿಪ್ ಮುಗೀತಾ ಐತೆ ಸಿಸ್ಟರ್, ಬದ್ಲಾಯ್ಸಿ” ಅಂದು ಹೋದ.

ಹೊಲಿಗೆ ಬಿಚ್ಚುವ ದಿನ ನಾನು ಬೇರೊಂದು ಕೇಸಿಗೆ ಅಲ್ಲೇ ಇದ್ದೆ. ಸವಿತಾ ನನ್ನನ್ನು ಹುಡುಕಿಕೊಂಡು ಬಂದಳು.

“ಒಂದ್ ಮಾತ್ ಕೇಳ್ಲಾ ಡಾಕ್ಟ್ರೇ? ಆ ಸೂಜಿ ಆಕುದ್ಮೇಲೆ ಮನಸ್ಸಲ್ಲಿರೋದು ಆಚಿಗ್ ಬತ್ತದಾ, ಇಲ್ದೇ ಇರೋದು ಬತ್ತದಾ?”

ಸಂಕೋಚ ಕಡಿಮೆಯಾಗುತ್ತದೆ, ಆದರೆ ಸೂಜಿ ಚುಚ್ಚಿದರೆ ಸತ್ಯವೇ ಬರುತ್ತದೆ ಅನ್ನುವುದು ಸಿನಿಮಾದ ಮಾತು ಅಂದೆ. ನೀನು ಅಮ್ಮನಿಗೆ ಹಾಗಂದದ್ದು ನಿನ್ನ ಮನಸ್ಸಿನಲ್ಲಿತ್ತೋ ಇಲ್ಲವೋ ಹೇಳುವ ಸ್ಕ್ಯಾನ್ ನನ್ನ ಹತ್ತಿರ ಇಲ್ಲ ಅಂದೆ. “ಅತ್ತೆ ಎದ್ರಿಗೆ ಇಲ್ಲ ಅಂದ್ಬುಟ್ಟೆ. ನಿಜ್ವಾಗ್ಲೂ ಗ್ಯಾಪ್ಕ ಇಲ್ಲ. ಇದ್ದಿದ್ರೆ ಹೂಂ ಅಂತಿದ್ನೋ ಇಲ್ವೋ, ಅದೂ ಗೊತ್ತಿಲ್ಲ” ಅಂದಳು. ಆಮೇಲೆ, “ಆ ಅಣ್ಣನ್ನ ಕರೀರಿ” ಅಂದಳು.

ರಂಗಸ್ವಾಮಿ ಕೈ ಒರೆಸಿಕೊಳ್ಳುತ್ತಾ ಬಂದ. ಸವಿತಾ ನೆಲ ನೋಡುತ್ತಾ, “ತಪ್ಪಾಯ್ತು ಕಣಣ್ಣ” ಅಂದಳು.

“ಮುಖ ನೋಡ್ಕೊಂಡ್ ಯೋಳಿ ಅಕ್ಕ. ಮುಖ ನೋಡೇ ತಾನೇ ಕಳ್ಳ ಅಂದಿದ್ದು?”

ಅವಳು ತಲೆಯೆತ್ತಿದಳು. “ನೀವು ಮಾಡಿಲ್ಲ ಅಂತ ಗೊತ್ತು. ಆದ್ರೂ ನಿಮ್ಮನ್ನ ಕಂಡ್ರೆ ಈಗ್ಲೂ ಎದೆ ಝಲ್ ಅಂತದೆ. ಏನ್ ಮಾಡ್ಲಿ?”

“ಅನ್ಲಿ ಬುಡಿ. ನಿಮ್ಮನ್ನ ಕಂಡ್ರೆ ನಂಗೂ ಅಂತದೆ” ಅಂದ ರಂಗಸ್ವಾಮಿ. ಆಮೇಲೆ ಅವನು ಕೆಲಸಕ್ಕೆ ಹೋದ.

ಈಗ ಒಡವೆಯೆಲ್ಲ ಬಿಚ್ಚಿ, ಅದು ಯಾರ ಕೈ ಸೇರಿತು ಅಂತ ಪೇಷಂಟ್ ಬಾಯಿಂದಲೇ ಕೇಳಿದ ಮೇಲೆ ನಾನು ಸಿರಿಂಜ್ ಮುಟ್ಟುತ್ತೇನೆ. ಅದು ಕೆಲಸದ ಪಾಠ, ಸುಲಭದ್ದು. ಇನ್ನೊಂದು ಕಷ್ಟದ್ದು. ಯಾರಾದರೂ “ಇವನೇ, ಈ ಮುಖ ನನಗೆ ಚೆನ್ನಾಗಿ ಗೊತ್ತು” ಅಂದಾಗ ನಾನು ತಕ್ಷಣ ನಂಬುವುದಿಲ್ಲ, ಸುಳ್ಳು ಅಂತಲೂ ಅನ್ನುವುದಿಲ್ಲ. ಎಲ್ಲಿ ನೋಡಿದಿರಿ, ಏನು ಮಾಡುತ್ತಿದ್ದ, ಏನಂದ ಅಂತ ಕೇಳುತ್ತೇನೆ. ಮುಖ ಗೊತ್ತಿರುವುದು ಬೇರೆ, ಆ ಮುಖ ಏನು ಮಾಡಿತು ಅಂತ ಗೊತ್ತಿರುವುದು ಬೇರೆ. ಎರಡರ ನಡುವಿನ ಖಾಲಿ ಜಾಗವನ್ನು ಹೆದರಿಕೆಯೂ ತುಂಬುತ್ತದೆ, ಜಾತಿಯೂ ತುಂಬುತ್ತದೆ. ಅದಕ್ಕೆ ಇಂಜೆಕ್ಷನ್ನೇ ಬೇಕು ಅಂತಿಲ್ಲ. ಜಯಮ್ಮನಿಗೆ ನಾನು ಯಾವ ಸೂಜಿಯನ್ನೂ ಚುಚ್ಚಿರಲಿಲ್ಲ.